ಗಾಳಿಯ ಲೆಕ್ಕ ಬರೆದವರು

ಹೊರನಾಡಿನಲ್ಲಿ ನೆಲೆಸಿರುವ ನಾವು ಊರಿಗೆ ಫೋನು ಮಾಡಿದಾಗ ಕುಶಲದ ಮಾತು ಮುಗಿದೊಡನೆ ಬರುವುದು ಮಳೆ ಬಿಸಿಲಿನ ಮಾತು. ಈ ಸಲ ಮೃಗಶಿರೆ ಒಣಗಿಯೇ ಕಳೆಯಿತು, ಆರಿದ್ರೆಯೂ ಕೈಕೊಟ್ಟಿತು, ಮಲೆನಾಡಿನಲ್ಲಿಯೂ ಫ್ಯಾನಿಲ್ಲದೆ ನಿದ್ದೆ ಬಾರದಂತಾಯಿತು ಎಂದು ಮನೆಯ ಹಿರಿಯರು ಹೇಳುತ್ತಾರೆ. ನಮ್ಮಲ್ಲಿ ಮುಂಬಯಿಯವರು ಅಕ್ಟೋಬರಿನ ಧಗೆಯನ್ನು, ದೆಹಲಿಯವರು ಜೂನಿನ ರಾತ್ರಿಗಳನ್ನು ಅದಕ್ಕೆ ಸೇರಿಸುತ್ತಾರೆ. ಈ ಮಾತುಗಳಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ನೆನಪು ನಂಬಲರ್ಹವಾದ ಉಷ್ಣಮಾಪಕವಲ್ಲ. ಬಾಲ್ಯದ ಮಳೆ ಎಲ್ಲರಿಗೂ ದೊಡ್ಡ ಮಳೆಯೇ. ಭೂಮಿ ಒಟ್ಟಾರೆ ಬಿಸಿಯಾಗುತ್ತಿದೆ, ಅದಕ್ಕೆ ಕಾರಣ ಇಂಥದು ಎಂಬ ತಿಳಿವು ನಮಗೆ ದೊರೆತದ್ದು ಇನ್ನೂರು ವರ್ಷಗಳ ಕಾಲ ಹಲವು ದೇಶಗಳಲ್ಲಿ ಹಲವು ಕೈಗಳು ತಾಳ್ಮೆಯಿಂದ ಬರೆದಿಟ್ಟ ಲೆಕ್ಕದಿಂದ. ಆ ಲೆಕ್ಕವನ್ನು ಬರೆದವರು ಯಾರು, ಅದನ್ನು ಓದಲು ಇಷ್ಟು ತಡವೇಕಾಯಿತು, ಅದರಲ್ಲಿ ನಮ್ಮ ಹೆಸರಿನ ಬಾಬತ್ತು ಎಷ್ಟು ಎಂಬುದನ್ನು ಇಲ್ಲಿ ಒಂದಿಷ್ಟು ವಿಚಾರಿಸೋಣ.

ಮೊದಲ ಪ್ರಶ್ನೆ ಕೇಳಿದವನು ಫ್ರಾನ್ಸಿನ ಗಣಿತಜ್ಞ ಜೋಸೆಫ್ ಫೂರಿಯೆ. ಶಾಖ ಒಂದೆಡೆಯಿಂದ ಇನ್ನೊಂದೆಡೆಗೆ ಹರಿಯುವ ಬಗೆಯನ್ನು ಗಣಿತಕ್ಕೆ ಅಳವಡಿಸಿದ ಈತ 1824ರಲ್ಲಿ ಭೂಗೋಲದ ಉಷ್ಣತೆಯನ್ನು ಕುರಿತು ಒಂದು ಪ್ರಬಂಧ ಬರೆದ. ಸೂರ್ಯನಿಂದ ಪ್ರತಿದಿನ ಶಾಖ ಬರುತ್ತಲೇ ಇದೆ. ಹಾಗಾದರೆ ಭೂಮಿ ಕಾದ ಕಬ್ಬಿಣದಂತೆ ಏಕೆ ಆಗಿಲ್ಲ? ಬಂದ ಶಾಖವನ್ನು ಭೂಮಿ ಮತ್ತೆ ಆಕಾಶಕ್ಕೆ ಹೊರಚೆಲ್ಲುತ್ತಿರಬೇಕು. ಅದು ಚೆಲ್ಲುವ ಶಾಖ ಕಣ್ಣಿಗೆ ಕಾಣದ ಬಗೆಯದು. ಬೆಳಕಾಗಿ ಒಳಬರುವುದನ್ನು ವಾತಾವರಣ ಸುಲಭವಾಗಿ ಬಿಡುತ್ತದೆ, ಕಾಣದ ಶಾಖವಾಗಿ ಹೊರಹೋಗುವುದನ್ನು ತಡೆಯುತ್ತದೆ ಎಂದು ಅವನು ತರ್ಕಿಸಿದ. ಇಂದಿನ ಲೆಕ್ಕದ ಪ್ರಕಾರ ಗಾಳಿಯ ಈ ತಡೆ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತಿತ್ತು; ಈಗಿರುವುದು ಸೊನ್ನೆಯ ಮೇಲೆ ಸುಮಾರು 15. ಹಸಿರುಮನೆ ಪರಿಣಾಮವೆಂದು ಇಂದು ನಾವು ಭಯದಿಂದ ಉಚ್ಚರಿಸುವುದೇ ಮೂಲತಃ ನಮ್ಮನ್ನು ಬದುಕಿಸಿರುವ ಕಂಬಳಿ. ತೊಂದರೆ ಇರುವುದು ಕಂಬಳಿಯಲ್ಲಲ್ಲ, ಅದರ ಮೇಲೆ ನಾವು ಹೊದಿಸುತ್ತಿರುವ ಇನ್ನೊಂದು ಕಂಬಳಿಯಲ್ಲಿ.

ಗಾಳಿಯಲ್ಲಿರುವ ಯಾವ ಅಂಶ ಈ ತಡೆಯನ್ನು ಒಡ್ಡುತ್ತದೆಂದು ಫೂರಿಯೆಗೆ ತಿಳಿದಿರಲಿಲ್ಲ. ಆ ಪ್ರಶ್ನೆಯನ್ನು ಮೊದಲು ಪ್ರಯೋಗಕ್ಕೆ ಒಡ್ಡಿದವರು ಅಮೆರಿಕದ ಯೂನಿಸ್ ಫುಟ್ ಎಂಬ ಮಹಿಳೆ. ಮಹಿಳೆಯರ ಹಕ್ಕುಗಳಿಗಾಗಿ 1848ರಲ್ಲಿ ಸೆನೆಕಾ ಫಾಲ್ಸ್‌ನಲ್ಲಿ ಹೊರಟ ಘೋಷಣೆಗೆ ಸಹಿ ಹಾಕಿದವರಲ್ಲಿ ಆಕೆಯೂ ಒಬ್ಬರು. ಗಾಜಿನ ಕೊಳವೆಗಳಲ್ಲಿ ಉಷ್ಣಮಾಪಕಗಳನ್ನಿರಿಸಿ, ಬೇರೆಬೇರೆ ಅನಿಲಗಳನ್ನು ತುಂಬಿ, ಬಿಸಿಲಿಗಿಟ್ಟು ನೋಡಿದರು. ಅಂದು ಕಾರ್ಬಾನಿಕ್ ಆಸಿಡ್ ಅನಿಲವೆಂದು ಕರೆಯುತ್ತಿದ್ದ ಇಂಗಾಲದ ಡೈಆಕ್ಸೈಡ್ ತುಂಬಿದ ಕೊಳವೆ ಎಲ್ಲಕ್ಕಿಂತ ಹೆಚ್ಚು ಕಾಯಿತು. ನೆರಳಿಗೆ ತಂದ ಮೇಲೆ ತಣಿಯಲು ಬಹಳ ಹೊತ್ತು ಹಿಡಿಯಿತು. ಈ ಅನಿಲ ಹೆಚ್ಚಾಗಿದ್ದ ಕಾಲದಲ್ಲಿ ಭೂಮಿಯೂ ಹೆಚ್ಚು ಬಿಸಿಯಾಗಿದ್ದಿರಬೇಕೆಂದು ಆಕೆ ಬರೆದರು. 1856ರ ಆಗಸ್ಟ್‌ನಲ್ಲಿ ಆಲ್ಬನಿಯಲ್ಲಿ ನಡೆದ ವಿಜ್ಞಾನಿಗಳ ಸಭೆಯಲ್ಲಿ ಆ ಪ್ರಬಂಧವನ್ನು ಓದಿದವರು ಜೋಸೆಫ್ ಹೆನ್ರಿ ಎಂಬ ಹಿರಿಯ ವಿಜ್ಞಾನಿ. ಅನಂತರ ಆ ಬರಹ ಒಂದೂವರೆ ಶತಮಾನ ಮರೆತುಹೋಗಿತ್ತು. 2011ರಲ್ಲಿ ನಿವೃತ್ತ ಭೂವಿಜ್ಞಾನಿಯೊಬ್ಬರು ಹಳೆಯ ಸಂಪುಟಗಳಲ್ಲಿ ಅದನ್ನು ಕಂಡು ಮತ್ತೆ ಬೆಳಕಿಗೆ ತಂದರು.

ಫುಟ್ ಅವರ ಪ್ರಯೋಗಕ್ಕೆ ಒಂದು ಮಿತಿಯಿತ್ತು: ಒಳಬರುವ ಬಿಸಿಲನ್ನೂ ಹೊರಹೋಗುವ ಕಾಣದ ಶಾಖವನ್ನೂ ಅದು ಪ್ರತ್ಯೇಕಿಸಲಾರದು. 1859ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಐರ್ಲೆಂಡ್ ಮೂಲದ ಜಾನ್ ಟಿಂಡಾಲ್ ಆ ಕೆಲಸ ಮಾಡಿದ. ಉದ್ದನೆಯ ಕೊಳವೆಯೊಂದರಲ್ಲಿ ಅನಿಲ ತುಂಬಿ, ಒಂದು ತುದಿಯಿಂದ ಕಾಣದ ಶಾಖವನ್ನು ಹಾಯಿಸಿ, ಇನ್ನೊಂದು ತುದಿಗೆ ಎಷ್ಟು ತಲುಪಿತೆಂದು ಅಳೆದ. ಗಾಳಿಯ ಬಹುಪಾಲು ಆಗಿರುವ ಸಾರಜನಕ, ಆಮ್ಲಜನಕಗಳು ಶಾಖಕ್ಕೆ ಏನೇನೂ ಅಡ್ಡಿ ಮಾಡಲಿಲ್ಲ. ಅತ್ಯಲ್ಪ ಪ್ರಮಾಣದಲ್ಲಿರುವ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಬಲವಾಗಿ ತಡೆದವು. ಭೂಮಿಯ ಹದವನ್ನು ಕಾಯುತ್ತಿರುವುದು ಗಾಳಿಯ ಒಂದು ಸಣ್ಣ ಅಂಶ ಎಂಬ ಅಚ್ಚರಿಯ ಸಂಗತಿ ಅಂದು ಅಳತೆಯಿಂದ ಸ್ಥಿರವಾಯಿತು. ಅಡುಗೆಗೆ ಹಾಕುವ ಉಪ್ಪಿನಂತೆ, ಪ್ರಮಾಣ ಚಿಕ್ಕದಾದರೂ ಪರಿಣಾಮ ಚಿಕ್ಕದಲ್ಲ.

ಇದೇ ದಶಕಗಳಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳು ಕಲ್ಲಿದ್ದಲನ್ನು ಎಡೆಬಿಡದೆ ಸುಡುತ್ತಿದ್ದವು. ಸಾಹಿತ್ಯ ಇದನ್ನು ಗಮನಿಸದೆ ಇರಲಿಲ್ಲ. ಡಿಕನ್ಸ್ 1854ರ ಹಾರ್ಡ್ ಟೈಮ್ಸ್ ಕಾದಂಬರಿಯಲ್ಲಿ ಹೊಗೆ ಮುಸುಕಿದ ಕೈಗಾರಿಕಾ ಪಟ್ಟಣವೊಂದನ್ನೇ ಕಟ್ಟಿ ನಿಲ್ಲಿಸಿದ. ದಶಕಗಳ ಕಾಲ ಆಕಾಶವನ್ನು ನೋಡಿ ದಿನಚರಿಯಲ್ಲಿ ಬರೆದಿಡುತ್ತಿದ್ದ ಜಾನ್ ರಸ್ಕಿನ್ 1884ರಲ್ಲಿ ಲಂಡನ್ನಿನಲ್ಲಿ ಎರಡು ಉಪನ್ಯಾಸ ಕೊಟ್ಟು, ತನ್ನ ಯೌವನದಲ್ಲಿ ಇಲ್ಲದಿದ್ದ ಒಂದು ಮಲಿನ ಮೋಡ ಈಗ ಬಂದಿದೆಯೆಂದು ಸಾರಿದ. ಕೇಳಿದವರಲ್ಲಿ ಹಲವರು ಅವನ ಬುದ್ಧಿಯ ಸ್ಥಿಮಿತವನ್ನೇ ಶಂಕಿಸಿದರು. ಆದರೆ ರಸ್ಕಿನ್ನನ ಕಣ್ಣಿಗೆ ಬಿದ್ದದ್ದು ಮಸಿ. ಅದೇ ಚಿಮಣಿಯಿಂದ ಬಣ್ಣ, ವಾಸನೆ ಯಾವುದೂ ಇಲ್ಲದೆ ಹೊರಟ ಅನಿಲ ಅವನಿಗೂ ಕಾಣಲಿಲ್ಲ. ಮಸಿ ಕೆಲವು ದಿನಗಳಲ್ಲಿ ನೆಲಕ್ಕಿಳಿಯುತ್ತದೆ. ಅನಿಲದ ಒಂದು ಪಾಲು ಶತಮಾನಗಳ ಕಾಲ ಗಾಳಿಯಲ್ಲೇ ಉಳಿಯುತ್ತದೆ.

ಕಲ್ಲಿದ್ದಲಿಗೂ ಉಷ್ಣತೆಗೂ ಅಂಕಿಗಳಲ್ಲಿ ಗಂಟುಹಾಕಿದವನು ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್. ಅವನಿಗೆ ಬೇಕಿದ್ದುದು ಹಿಮಯುಗಗಳು ಏಕೆ ಬಂದುಹೋದವೆಂಬ ಒಗಟಿಗೆ ಉತ್ತರ. ಯಂತ್ರಗಳ ನೆರವಿಲ್ಲದೆ, ಕಾಗದ ಪೆನ್ಸಿಲುಗಳಲ್ಲಿ ದೀರ್ಘಕಾಲ ಗುಣಿಸಿ ಭಾಗಿಸಿ 1896ರಲ್ಲಿ ಫಲಿತಾಂಶ ಪ್ರಕಟಿಸಿದ: ಇಂಗಾಲದ ಡೈಆಕ್ಸೈಡ್ ಅರ್ಧಕ್ಕಿಳಿದರೆ ಭೂಮಿ 4ರಿಂದ 5 ಡಿಗ್ರಿ ತಣಿಯುತ್ತದೆ, ಇಮ್ಮಡಿಯಾದರೆ 5ರಿಂದ 6 ಡಿಗ್ರಿ ಬಿಸಿಯಾಗುತ್ತದೆ. ಇಂದಿನ ಅಂದಾಜು ಇಮ್ಮಡಿಗೆ ಸುಮಾರು 3 ಡಿಗ್ರಿ. ಆ ಕಾಲದ ಸಲಕರಣೆಗಳನ್ನು ನೆನೆದರೆ ಅವನು ಗುರಿಯ ಹತ್ತಿರವೇ ಬಂದಿದ್ದ. ಆಗ ಜಗತ್ತು ವರ್ಷಕ್ಕೆ ಸುಡುತ್ತಿದ್ದ ಕಲ್ಲಿದ್ದಲು ಸುಮಾರು 50 ಕೋಟಿ ಟನ್. ಆ ವೇಗದಲ್ಲಿ ಗಮನಾರ್ಹ ಬದಲಾವಣೆಗೆ ಸಾವಿರಾರು ವರ್ಷ ಬೇಕೆಂದು ಅವನು ಎಣಿಸಿದ. ಚಳಿನಾಡಿನವನಾದ ಅವನಿಗೆ ಬಿಸಿ ಹೆಚ್ಚುವುದು ಹಿತವೆಂದೇ ತೋರಿತ್ತು. ಇಂದು ಜಗತ್ತು ವರ್ಷವೊಂದಕ್ಕೆ 800 ಕೋಟಿ ಟನ್ನಿಗೂ ಮೀರಿ ಕಲ್ಲಿದ್ದಲು ಬಳಸುತ್ತಿದೆ. ಎಣ್ಣೆ, ಅನಿಲಗಳದು ಬೇರೆ.

ಅರ್ಹೇನಿಯಸ್ಸನ ಮಾತನ್ನು ವಿದ್ವಾಂಸರು ಒಪ್ಪಲಿಲ್ಲ. ಸ್ವದೇಶದವನೇ ಆದ ಕ್ನುಟ್ ಆಂಗ್‌ಸ್ಟ್ರಮ್ 1900ರಲ್ಲಿ ಪ್ರಯೋಗ ನಡೆಸಿ, ಗಾಳಿಯಲ್ಲಿರುವ ಅನಿಲವೇ ತಡೆಯಬಹುದಾದ ಶಾಖವನ್ನೆಲ್ಲ ತಡೆಯುತ್ತಿದೆ, ಇನ್ನಷ್ಟು ಸೇರಿದರೆ ವ್ಯತ್ಯಾಸವಾಗದು ಎಂದ. ಬಿಡುವ ಅನಿಲವನ್ನೆಲ್ಲ ಕಡಲು ನುಂಗಿಕೊಳ್ಳುತ್ತದೆ ಎಂದು ಉಳಿದವರು ನಂಬಿದರು. ಎರಡೂ ತಪ್ಪು. ಮೇಲಿನ ವಾತಾವರಣ ತೆಳ್ಳಗಾಗಿ, ತಂಪಾಗಿ, ಒಣಗಿ ಇರುತ್ತದೆ. ಶಾಖ ಕೊನೆಗೆ ಆಕಾಶಕ್ಕೆ ಹೊರಟುಹೋಗುವುದು ಅಲ್ಲಿಂದಲೇ. ಅಲ್ಲಿ ಅನಿಲ ಹೆಚ್ಚಿದಂತೆ ಹೊರಹೋಗುವ ಬಾಗಿಲು ಇನ್ನೂ ಎತ್ತರಕ್ಕೆ, ಇನ್ನೂ ತಣ್ಣಗಿರುವ ಪದರಕ್ಕೆ ಸರಿಯುತ್ತದೆ. ತಣ್ಣನೆಯ ಪದರ ಕಡಿಮೆ ಶಾಖವನ್ನು ಹೊರಚೆಲ್ಲುವುದರಿಂದ ಕೆಳಗೆ ಶಾಖ ಉಳಿಯುತ್ತದೆ. ಇದು ಸ್ಪಷ್ಟವಾಗಲು ಅರ್ಧ ಶತಮಾನ ಬೇಕಾಯಿತು. ತರ್ಕ ಸಿದ್ಧವಾಗಿದ್ದರೂ ಭೂಮಿ ನಿಜವಾಗಿ ಬಿಸಿಯಾಗುತ್ತಿದೆಯೇ, ಗಾಳಿಯಲ್ಲಿ ಅನಿಲ ನಿಜವಾಗಿ ಹೆಚ್ಚುತ್ತಿದೆಯೇ ಎಂಬುದಕ್ಕೆ ದಾಖಲೆ ಬೇಕಿತ್ತು.

ಆ ದಾಖಲೆ ಸದ್ದಿಲ್ಲದೆ ಸಂಗ್ರಹವಾಗುತ್ತಿದ್ದ ಸ್ಥಳಗಳಲ್ಲಿ ಕೆಲವು ನಾವಿರುವ ಊರುಗಳಲ್ಲೇ ಇವೆ. ಚೆನ್ನೈಯ ನುಂಗಂಬಾಕ್ಕಂನಲ್ಲಿ 1792ರಲ್ಲಿ ಕಟ್ಟಿದ ಮದರಾಸು ವೀಕ್ಷಣಾಲಯ 1796ರಿಂದ ಹವೆಯ ಅಳತೆಗಳನ್ನೂ ಬರೆದಿಟ್ಟಿತು. ಮುಂಬಯಿಯ ಕೊಲಾಬಾ ವೀಕ್ಷಣಾಲಯ 1826ರಲ್ಲಿ ಆರಂಭವಾಯಿತು. 1841ರಿಂದ ಅಲ್ಲಿ ಕ್ರಮಬದ್ಧವಾದ ವೀಕ್ಷಣೆ ನಡೆಯಿತು. 1864ರಲ್ಲಿ ಕಲ್ಕತ್ತೆಯನ್ನು ಹಾಳುಗೆಡವಿದ ಚಂಡಮಾರುತ, ಬೆನ್ನಿಗೇ ಕೈಕೊಟ್ಟ ಮುಂಗಾರುಗಳು ಸರ್ಕಾರವನ್ನು ಎಚ್ಚರಿಸಿದುದರಿಂದ 1875ರಲ್ಲಿ ಭಾರತ ಹವಾಮಾನ ಇಲಾಖೆ ಹುಟ್ಟಿತು. ಮೈಸೂರು ಸಂಸ್ಥಾನವೂ ಹಿಂದುಳಿಯಲಿಲ್ಲ; 1890ರ ದಶಕದಲ್ಲಿ ಬೆಂಗಳೂರಿನಲ್ಲಿ ವೀಕ್ಷಣಾಲಯ ಏರ್ಪಟ್ಟಾಗ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅದರ ಹೊಣೆ ಹೊತ್ತರು. ಈ ಕೆಲಸಕ್ಕೆ ಕೀರ್ತಿಯಿಲ್ಲ. ನಿಗದಿತ ಗಳಿಗೆಗೆ ಹೋಗಿ ಉಷ್ಣಮಾಪಕದ ಪಾದರಸವನ್ನು ನೋಡಬೇಕು, ದಿನವಹಿಯಲ್ಲಿ ಬರೆಯಬೇಕು, ಸಹಿ ಹಾಕಬೇಕು. ಸರ್ಕಾರಿ ಕಚೇರಿಗಳ ಕಡತಗಳ ನಡುವೆ ಬದುಕುವವರಿಗೆ ಇದರ ನೀರಸತೆಯೂ ಗೊತ್ತು, ಬೆಲೆಯೂ ಗೊತ್ತು. ಅಂದು ಬರೆದ ಗುಮಾಸ್ತರಿಗೆ ತಾವು ಜಾಗತಿಕ ತಾಪಕ್ಕೆ ಸಾಕ್ಷ್ಯ ಬರೆಯುತ್ತಿದ್ದೇವೆಂಬ ಕಲ್ಪನೆಯೂ ಇರಲಿಲ್ಲ. ಬಿತ್ತನೆ, ಹಡಗು, ಕಂದಾಯ ಇವೇ ಅವರ ಎದುರಿಗಿದ್ದ ಉದ್ದೇಶಗಳು.

ಇಂಥ ದಿನವಹಿಗಳು ದೇಶದೇಶಗಳಿಂದ ಸೇರಿ 1927ರಲ್ಲಿ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯಿಂದ ಜಾಗತಿಕ ಹವಾ ದಾಖಲೆಗಳೆಂಬ ಬೃಹತ್ ಸಂಪುಟವಾಗಿ ಹೊರಬಂದವು. ಅದಕ್ಕೆ ಅಂಕಿ ಕಲೆಹಾಕಿದವರಲ್ಲಿ ಗಿಲ್ಬರ್ಟ್ ವಾಕರ್ ಒಬ್ಬರು. 1904ರಿಂದ 1924ರವರೆಗೆ ಭಾರತದ ಹವಾಮಾನ ಇಲಾಖೆಯನ್ನು ನಡೆಸಿದ ಅವರು ನಮ್ಮ ಮುಂಗಾರಿನ ಮರ್ಮ ಹುಡುಕಲು ಜಗತ್ತಿನ ಮೂಲೆಮೂಲೆಯ ಅಂಕಿಗಳನ್ನು ತರಿಸಿ ತುಲನೆ ಮಾಡಿದವರು. ಆ ಸಂಪುಟವನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದವರು ಗೈ ಕ್ಯಾಲೆಂಡರ್ ಎಂಬ ಇಂಗ್ಲೆಂಡಿನ ಎಂಜಿನಿಯರು. ಅವರ ವೃತ್ತಿ ಉಗಿಶಕ್ತಿಗೆ ಸಂಬಂಧಿಸಿದ್ದು. ಹವಾಮಾನ ಬಿಡುವಿನ ವೇಳೆಯ ಹವ್ಯಾಸ. ಸುಮಾರು 150 ಕೇಂದ್ರಗಳ ದಾಖಲೆಗಳನ್ನು ಕೈಯಿಂದಲೇ ಹೋಲಿಸಿ, ಐವತ್ತು ವರ್ಷಗಳಲ್ಲಿ ಭೂಮಿ ಬಿಸಿಯಾಗಿದೆ, ಅದಕ್ಕೆ ಕಲ್ಲಿದ್ದಲಿನ ಅನಿಲ ಕಾರಣ ಎಂದು 1938ರಲ್ಲಿ ರಾಯಲ್ ಮೀಟಿಯರೊಲಾಜಿಕಲ್ ಸೊಸೈಟಿಯ ಎದುರು ಮಂಡಿಸಿದರು. ವೃತ್ತಿನಿರತ ಹವಾಮಾನ ತಜ್ಞರು ಸೌಜನ್ಯದಿಂದ ಕೇಳಿ ಸಂಶಯದಿಂದ ಬೀಳ್ಕೊಟ್ಟರು. ಅವರು ಕೈಯಿಂದ ಎಳೆದ ಉಷ್ಣತೆಯ ರೇಖೆ ಇಂದಿನ ಗಣಕಯಂತ್ರಗಳು ಎಳೆಯುವ ರೇಖೆಗೆ ಬಹಳ ಹತ್ತಿರವಿದೆ.

ಎರಡನೆಯ ಮಹಾಯುದ್ಧದ ನಂತರ ಸಂಶಯಗಳು ಒಂದೊಂದಾಗಿ ಕಳಚಿದವು. ಕಲ್ಲಿದ್ದಲು ಕೋಟ್ಯಂತರ ವರ್ಷ ನೆಲದಡಿ ಇದ್ದದ್ದರಿಂದ ಅದರಲ್ಲಿ ವಿಕಿರಣಶೀಲವಾದ ಇಂಗಾಲ-14 ಉಳಿದಿರುವುದಿಲ್ಲ. ಇತ್ತೀಚಿನ ಮರಗಳಲ್ಲಿ ಇಂಗಾಲ-14ರ ಪ್ರಮಾಣ ತಗ್ಗಿದೆಯೆಂದು 1955ರಲ್ಲಿ ಹಾನ್ಸ್ ಸ್ಯೂಸ್ ತೋರಿಸಿದರು. ಗಾಳಿಗೆ ಹಳೆಯ ಇಂಗಾಲ ಬೆರೆತಿದೆಯೆಂಬುದಕ್ಕೆ ಅದು ರುಜುವಾತು. ಎರಡು ವರ್ಷಗಳ ನಂತರ ರೋಜರ್ ರೆವೆಲ್ ಮತ್ತು ಸ್ಯೂಸ್ ಸೇರಿ, ಕಡಲು ಎಲ್ಲರೂ ನಂಬಿದಷ್ಟು ಬೇಗ ಅನಿಲವನ್ನು ನುಂಗುವುದಿಲ್ಲವೆಂದು ತಿಳಿಸಿದರು. ಉಳಿದದ್ದು ಗಾಳಿಯನ್ನೇ ವರ್ಷಾನುವರ್ಷ ಅಳೆಯುವ ಕೆಲಸ.

1957 ಮತ್ತು 58ರ ಅಂತರರಾಷ್ಟ್ರೀಯ ಭೂಭೌತ ವರ್ಷ ಅದಕ್ಕೆ ಅವಕಾಶ ಕೊಟ್ಟಿತು. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದಲ್ಲಿ, ಕಾರ್ಖಾನೆಗಳಿಗೂ ಕಾಡುಗಳಿಗೂ ದೂರವಾಗಿ ಸುಮಾರು 3,400 ಮೀಟರ್ ಎತ್ತರದಲ್ಲಿ, ಚಾರ್ಲ್ಸ್ ಕೀಲಿಂಗ್ 1958ರ ಮಾರ್ಚ್‌ನಲ್ಲಿ ಅಳತೆ ಆರಂಭಿಸಿದರು. ಮೊದಲ ಅಂಕಿ ಹತ್ತು ಲಕ್ಷ ಭಾಗ ಗಾಳಿಗೆ 313 ಭಾಗ. ಉತ್ತರಾರ್ಧಗೋಳದ ಗಿಡಮರಗಳು ಚಿಗುರುವಾಗ ಅದು ಇಳಿಯಿತು, ಎಲೆ ಉದುರುವಾಗ ಏರಿತು. ಭೂಮಿಯೇ ಉಸಿರಾಡುವಂತೆ ಕಂಡ ಆ ಏರಿಳಿತದಡಿ ಪ್ರತಿವರ್ಷದ ಸರಾಸರಿ ಹಿಂದಿನ ವರ್ಷಕ್ಕಿಂತ ಮೇಲಿತ್ತು. 1964ರಲ್ಲಿ ಹಣದ ಕಡಿತದಿಂದ ಕೆಲವು ತಿಂಗಳು ಅಳತೆ ನಿಂತಿತು. ಆ ಖಾಲಿ ಜಾಗ ಇಂದಿಗೂ ರೇಖೆಯಲ್ಲಿದೆ. 2022ರಲ್ಲಿ ಪರ್ವತವೇ ಲಾವಾ ಉಗುಳಿ ದಾರಿ ಕಡಿದಾಗ ನೆರೆಯ ಮೌನಾ ಕೇಯಾದಲ್ಲಿ ಅಳತೆ ಮುಂದುವರಿಯಿತು. 2024ರಲ್ಲಿ ವರ್ಷದ ಸರಾಸರಿ 420ನ್ನು ದಾಟಿತ್ತು.

ಅದೇ ಭೂಭೌತ ವರ್ಷಕ್ಕೆ ಭಾರತದಲ್ಲಿ ಸೌರವಿಕಿರಣ ಅಳೆಯುವ ಕೇಂದ್ರಗಳ ಜಾಲ ಕಟ್ಟಿದವರು ಅಣ್ಣಾ ಮಣಿ. ತಿರುವಾಂಕೂರಿನ ಪೀರುಮೇಡಿನಲ್ಲಿ 1918ರಲ್ಲಿ ಹುಟ್ಟಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ವರ್ಣಪಟಲವನ್ನು ಅಭ್ಯಸಿಸಿದವರು. ಸ್ನಾತಕೋತ್ತರ ಪದವಿಯಿಲ್ಲವೆಂಬ ಕಾರಣಕ್ಕೆ ಅವರಿಗೆ ಡಾಕ್ಟರೇಟು ದೊರೆಯಲಿಲ್ಲ. 1948ರಲ್ಲಿ ಪುಣೆಯ ಹವಾಮಾನ ಕಚೇರಿಗೆ ಸೇರಿದಾಗ ದೇಶಕ್ಕೆ ಬೇಕಾದ ಉಪಕರಣಗಳು ಹೆಚ್ಚಾಗಿ ವಿದೇಶದಿಂದಲೇ ಬರುತ್ತಿದ್ದವು. ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿ ಇಲ್ಲಿಯೇ ತಯಾರಾಗುವಂತೆ ಅವರು ಮಾಡಿದರು. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಮೇಲು ಎಂಬುದು ಅವರ ನಿಲುವು. ಭೂಮಿಯ ಶಾಖದ ಜಮಾಖರ್ಚಿನಲ್ಲಿ ಜಮಾ ಎಷ್ಟೆಂದು ನಮ್ಮ ನೆಲದ ಮೇಲೆ ನಾವೇ ತಿಳಿಯುವಂತಾದದ್ದು ಇಂಥ ಶ್ರಮದಿಂದ.

ಹಿಂದಿನ ಕಾಲದ ಲೆಕ್ಕವನ್ನು ಅಂಟಾರ್ಕ್ಟಿಕದ ಹಿಮ ಕಾಪಾಡಿಕೊಂಡಿತ್ತು. ಪ್ರತಿವರ್ಷ ಬೀಳುವ ಹಿಮ ಅಂದಿನ ಗಾಳಿಯನ್ನು ಗುಳ್ಳೆಗಳಲ್ಲಿ ಹಿಡಿದಿಡುತ್ತದೆ. ವೊಸ್ಟೊಕ್ ಕೇಂದ್ರದಲ್ಲಿ ಸೋವಿಯತ್, ಫ್ರೆಂಚ್ ವಿಜ್ಞಾನಿಗಳು ಕೊರೆದು ತೆಗೆದ ಹಿಮದಿಂದ 1987ರಲ್ಲಿ 1,60,000 ವರ್ಷಗಳ ಚಿತ್ರ ದೊರೆಯಿತು. ಮುಂದೆ ಯುರೋಪಿಯನ್ನರ ಕೊರೆತದಿಂದ ಅದು 8,00,000 ವರ್ಷಗಳಿಗೆ ವಿಸ್ತರಿಸಿತು. ಅಷ್ಟು ದೀರ್ಘ ಕಾಲದಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 180ರಿಂದ 300ರ ನಡುವೆ ಓಲಾಡಿದೆ. ಕೈಗಾರಿಕಾ ಯುಗಕ್ಕೆ ಮುನ್ನ 280ರ ಆಸುಪಾಸಿನಲ್ಲಿತ್ತು. ನಾವೀಗ ಉಸಿರಾಡುತ್ತಿರುವ ಗಾಳಿಯನ್ನು ಮನುಷ್ಯಜಾತಿಯ ಯಾವ ಪೂರ್ವಿಕನೂ ಉಸಿರಾಡಿಲ್ಲ.

ಕಾರಣ ಒಂದೇ ಅನಿಲವಲ್ಲ ಎಂದು ತೋರಿಸಿದವರಲ್ಲಿ ಮಧುರೈಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ ವೀರಭದ್ರನ್ ರಾಮನಾಥನ್ ಪ್ರಮುಖರು. ಅವರು ಮೊದಲು ಸಿಕಂದರಾಬಾದಿನ ರೆಫ್ರಿಜರೇಟರ್ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ತಂಪುಗೊಳಿಸುವ ಅನಿಲ ಸೋರದಂತೆ ನೋಡಿಕೊಳ್ಳುವುದು ಕೆಲಸ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಮೆರಿಕಕ್ಕೆ ಹೋದ ಮೇಲೆ 1975ರಲ್ಲಿ ಅವರು ಲೆಕ್ಕ ಹಾಕಿದ್ದು ಅದೇ ಕ್ಲೋರೋಫ್ಲೋರೋಕಾರ್ಬನ್ನುಗಳನ್ನು ಕುರಿತು: ಅದರ ಒಂದು ಅಣು ಇಂಗಾಲದ ಡೈಆಕ್ಸೈಡಿನ ಹತ್ತು ಸಾವಿರಕ್ಕೂ ಹೆಚ್ಚು ಅಣುಗಳಷ್ಟು ಶಾಖ ಹಿಡಿಯಬಲ್ಲದು. ಜೌಗು, ದನಕರು, ಗದ್ದೆ, ಕಸದ ರಾಶಿ, ಅನಿಲದ ಬಾವಿಗಳಿಂದ ಬರುವ ಮೀಥೇನ್, ಗೊಬ್ಬರದಿಂದ ಬರುವ ನೈಟ್ರಸ್ ಆಕ್ಸೈಡ್ ಕೂಡ ಪಟ್ಟಿಗೆ ಸೇರಿದವು.

ಇಷ್ಟಾದರೂ ಸೂರ್ಯನೇ ಹೆಚ್ಚು ಉರಿಯುತ್ತಿರಬಾರದೇಕೆ ಎಂಬ ಪ್ರಶ್ನೆ ಸಹಜ. ಸೂರ್ಯ ಕಾರಣವಾಗಿದ್ದರೆ ವಾತಾವರಣದ ಮೇಲಿನ ಪದರವೂ ಕೆಳಗಿನದೂ ಒಟ್ಟಿಗೆ ಬಿಸಿಯಾಗಬೇಕಿತ್ತು. ಅಳತೆಯಲ್ಲಿ ಕೆಳಗಿನದು ಬಿಸಿಯಾಗಿದೆ, ಮೇಲಿನದು ತಣಿದಿದೆ. 1978ರಿಂದ ಉಪಗ್ರಹಗಳು ಸೂರ್ಯನನ್ನು ಅಳೆಯುತ್ತಿವೆ, ಈ ತಾಪವನ್ನು ವಿವರಿಸುವಂಥ ಏರಿಕೆ ಕಂಡಿಲ್ಲ. ಜ್ವಾಲಾಮುಖಿಗಳು ಬಿಡುವ ಇಂಗಾಲದ ಡೈಆಕ್ಸೈಡ್ ಮನುಷ್ಯ ಬಿಡುವುದರ ನೂರರಲ್ಲೊಂದು ಪಾಲೂ ಅಲ್ಲ. ಚಾರ್ಲ್ಸ್ ಕೀಲಿಂಗರ ಮಗ ರಾಲ್ಫ್ ಕೀಲಿಂಗ್ ಗಾಳಿಯ ಆಮ್ಲಜನಕ ಅತ್ಯಲ್ಪವಾಗಿ ಕ್ಷೀಣಿಸುತ್ತಿರುವುದನ್ನೂ ಅಳೆದಿದ್ದಾರೆ; ಏನನ್ನಾದರೂ ಸುಟ್ಟರೆ ಆಗಬೇಕಾದದ್ದು ಅದೇ. ಪಳೆಯುಳಿಕೆ ಇಂಧನಗಳಿಂದ ವರ್ಷಕ್ಕೆ ಹೊರಬರುವ ಇಂಗಾಲದ ಡೈಆಕ್ಸೈಡ್ ಸುಮಾರು 3,700 ಕೋಟಿ ಟನ್. ಕಾಡು ಕಡಿಯುವುದರಿಂದ ಬರುವುದು ಬೇರೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಕಡಲೂ ಸಸ್ಯಗಳೂ ಹೀರುತ್ತವೆ, ಉಳಿದರ್ಧ ಗಾಳಿಯಲ್ಲಿ ಉಳಿಯುತ್ತದೆ.

1988ರ ಜೂನ್ 23ರಂದು ಜೇಮ್ಸ್ ಹ್ಯಾನ್ಸನ್ ಅಮೆರಿಕದ ಸೆನೆಟ್ ಸಮಿತಿಯ ಎದುರು ಸಾಕ್ಷ್ಯ ನುಡಿದ ಮೇಲೆ ವಿಷಯ ಪತ್ರಿಕೆಗಳ ಮುಖಪುಟಕ್ಕೆ ಬಂತು. ಅದೇ ವರ್ಷ ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ ರಚನೆಯಾಯಿತು. 1992ರಲ್ಲಿ ರಿಯೋ, 1997ರಲ್ಲಿ ಕ್ಯೋಟೋ, 2015ರಲ್ಲಿ ಪ್ಯಾರಿಸ್ ಎಂದು ಒಪ್ಪಂದಗಳು ಸಾಗಿದವು. ಆದರೆ ಲೆಕ್ಕ ವಿಜ್ಞಾನಿಗಳ ಮೇಜಿನಿಂದ ರಾಜಕಾರಣಿಗಳ ಮೇಜಿಗೆ ಬಂದೊಡನೆ ಹೊಸ ಪ್ರಶ್ನೆ ಎದ್ದಿತು: ಸಾಲ ಯಾರದು?

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಭಾರತದ ಭತ್ತದ ಗದ್ದೆಗಳು ವರ್ಷಕ್ಕೆ ಸುಮಾರು 3.8 ಕೋಟಿ ಟನ್ ಮೀಥೇನ್ ಬಿಡುತ್ತವೆಂದು ಅಂದಾಜಿಸಿತ್ತು. ಬೇರೆ ದೇಶಗಳ ಗದ್ದೆಗಳ ಅಳತೆಯನ್ನು ನಮ್ಮ ಗದ್ದೆಗಳಿಗೆ ಹಿಗ್ಗಿಸಿ ಮಾಡಿದ ಅಂದಾಜು ಅದು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ. ಪಿ. ಮಿತ್ರ ಅವರ ನೇತೃತ್ವದಲ್ಲಿ 1991ರಲ್ಲಿ ನಮ್ಮ ವಿಜ್ಞಾನಿಗಳು ದೇಶದ ನಾನಾ ಕಡೆಯ ಗದ್ದೆಗಳಿಗಿಳಿದು ಅಳೆದರು. ಸಿಕ್ಕಿದ್ದು ಸುಮಾರು 40 ಲಕ್ಷ ಟನ್, ಆರೋಪದ ಹತ್ತರಲ್ಲೊಂದು ಪಾಲು ಮಾತ್ರ. ಅದೇ ವರ್ಷ ದೆಹಲಿಯ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಒಂದು ಕಿರುಹೊತ್ತಗೆ ಬರೆದು, ಭಾರತ, ಚೀನಾ, ಬ್ರೆಜಿಲ್‌ಗಳನ್ನು ದೊಡ್ಡ ಅಪರಾಧಿಗಳ ಸಾಲಿನಲ್ಲಿ ನಿಲ್ಲಿಸಿದ ಅಮೆರಿಕದ ವರದಿಯೊಂದನ್ನು ಪ್ರಶ್ನಿಸಿದರು. ಹೊಟ್ಟೆಪಾಡಿನ ಹೊಗೆಯನ್ನೂ ಭೋಗದ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಗಾಳಿ ಎಲ್ಲರದಾದರೆ ಅದರಲ್ಲಿ ತಲೆಗೊಂದು ಪಾಲು ಇರಬೇಕು ಎಂಬುದು ಅವರ ವಾದ. ಲೆಕ್ಕ ಬರೆಯುವ ಲೇಖನಿ ಯಾರ ಕೈಯಲ್ಲಿದೆ ಎಂಬುದರ ಮೇಲೆ ಸಾಲದ ಮೊತ್ತ ನಿಂತಿರುತ್ತದೆಂಬುದನ್ನು ಈ ಎರಡು ಘಟನೆಗಳು ಕಲಿಸಿದವು.

ಮಾಡಿದ್ದುಣ್ಣೋ ಮಹಾರಾಯ ಎಂಬ ನಮ್ಮ ಗಾದೆ ಇಲ್ಲಿ ತಲೆಕೆಳಗಾಗಿದೆ. ಮಾಡಿದವರು ಒಬ್ಬರು, ಉಣ್ಣುವವರು ಇನ್ನೊಬ್ಬರು. ಪಳೆಯುಳಿಕೆ ಇಂಧನಗಳಿಂದ ಇದುವರೆಗೆ ಗಾಳಿಗೆ ಸೇರಿದ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲುಪಾಲು ಅಮೆರಿಕವೊಂದರದೇ. ಭಾರತದ ಪಾಲು ನೂರಕ್ಕೆ ನಾಲ್ಕರ ಒಳಗೆ. ಇಂದಿಗೂ ನಮ್ಮ ತಲಾ ಪ್ರಮಾಣ ವರ್ಷಕ್ಕೆ ಸುಮಾರು 2 ಟನ್. ಜಗತ್ತಿನ ಸರಾಸರಿ 4 ಟನ್ನಿಗೂ ಮೇಲು. ಆದರೂ ಬಿಸಿ ನಮ್ಮನ್ನು ಬಿಟ್ಟಿಲ್ಲ. ಭೂವಿಜ್ಞಾನ ಸಚಿವಾಲಯಕ್ಕಾಗಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2020ರಲ್ಲಿ ಸಿದ್ಧಪಡಿಸಿದ ವರದಿಯಂತೆ 1901ರಿಂದ 2018ರವರೆಗೆ ದೇಶದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆ. 1951ರಿಂದ 2015ರವರೆಗೆ ಹಿಂದೂ ಮಹಾಸಾಗರದ ಉಷ್ಣವಲಯದ ನೀರು ಸುಮಾರು 1 ಡಿಗ್ರಿ ಕಾದಿದೆ, ಮುಂಗಾರಿನ ಮಳೆ ಸುಮಾರು ಶೇಕಡ 6ರಷ್ಟು ತಗ್ಗಿದೆ. ಜಗತ್ತಿನ ಸರಾಸರಿ ಏರಿಕೆ 2024ರ ವರ್ಷವೊಂದರಲ್ಲಿ 1.5 ಡಿಗ್ರಿಯ ಗೆರೆಯನ್ನು ದಾಟಿತು.

ಈ ಲೆಕ್ಕವನ್ನು ಕೆಡಿಸದೆ ಇಟ್ಟುಕೊಳ್ಳುವುದೂ ಒಂದು ಹೊಣೆ. 2024ರ ಮೇ 29ರಂದು ದೆಹಲಿಯ ಮುಂಗೇಶ್‌ಪುರದ ಸ್ವಯಂಚಾಲಿತ ಕೇಂದ್ರ 52.9 ಡಿಗ್ರಿ ತೋರಿಸಿದಾಗ ಅದು ಕ್ಷಣಮಾತ್ರದಲ್ಲಿ ಜಗತ್ತಿಗೆ ಹಬ್ಬಿತು. ಹವಾಮಾನ ಇಲಾಖೆ ಪ್ರಮಾಣಿತ ಉಪಕರಣದೊಂದಿಗೆ ಹೋಲಿಸಿ, ಕೇಂದ್ರ 3 ಡಿಗ್ರಿ ಹೆಚ್ಚು ತೋರಿಸಿದೆಯೆಂದು ಪ್ರಕಟಿಸಿತು. ತಾಪದ ಸುದ್ದಿ ಎಷ್ಟೇ ಅನುಕೂಲಕರವಾಗಿದ್ದರೂ ತಪ್ಪು ಅಂಕಿಯನ್ನು ತೆಗೆದುಹಾಕಿದಾಗಲೇ ಉಳಿದ ಅಂಕಿಗಳಿಗೆ ಮರ್ಯಾದೆ. ಕಾಂಕ್ರೀಟು ಕಾದು ನಗರಗಳು ಬಿಸಿಯಾಗುವುದು ಕೂಡ ಬೇರೆಯೇ ಕಾರಣದ್ದು. ಅದನ್ನು ಬೇರ್ಪಡಿಸಿ ನೋಡಿದರೂ ಹಳ್ಳಿಗಳ, ಕಡಲಿನ ಅಳತೆಗಳು ಅದೇ ಏರಿಕೆಯನ್ನು ಹೇಳುತ್ತವೆ.

ದೇಶದೇಶಗಳ ನಡುವೆ ನಾವು ಕೇಳುವ ನ್ಯಾಯವನ್ನು ದೇಶದ ಒಳಗೂ ಕೇಳಿದರೆ ಮಾತು ಇನ್ನಷ್ಟು ಇಕ್ಕಟ್ಟಿನದಾಗುತ್ತದೆ. ಭಾರತದ ತಲಾ 2 ಟನ್ ಎಂಬುದು ಸರಾಸರಿ. ರಾಯಚೂರಿನ ಶಕ್ತಿನಗರದಂಥ ಉಷ್ಣ ಸ್ಥಾವರಗಳು ದೇಶದ ವಿದ್ಯುತ್ತಿನ ಸುಮಾರು ಮುಕ್ಕಾಲು ಪಾಲನ್ನು ಕಲ್ಲಿದ್ದಲಿನಿಂದ ತಯಾರಿಸುತ್ತವೆ. ಆ ವಿದ್ಯುತ್ತು ಒಂದು ದೀಪ, ಒಂದು ಫ್ಯಾನಿನ ಮನೆಗೂ ಹೋಗುತ್ತದೆ, ಕೋಣೆಗೊಂದು ಹವಾನಿಯಂತ್ರಕವಿರುವ ಮನೆಗೂ ಹೋಗುತ್ತದೆ. ಸಂಬಳದ, ವಿಮಾನದಲ್ಲಿ ಊರಿಗೆ ಹೋಗಿಬರುವ ನಮ್ಮಂಥ ವರ್ಗ ಬಡವರ ಕಡಿಮೆ ಬಳಕೆಯ ನೆರಳಿನಲ್ಲಿ ನಿಂತು ಆ ಸರಾಸರಿಯನ್ನು ತನ್ನದೆಂದು ತೋರಿಸುತ್ತಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ರಸ್ತೆ ಅಗೆಯುವ ಉತ್ತರ ಕರ್ನಾಟಕದ ವಲಸೆ ಕೂಲಿಯವನ ಪಾಲು ಆ 2 ಟನ್ನಿನಲ್ಲಿ ಎಷ್ಟಿರಬಹುದು? ಅವನ ಲೆಕ್ಕವನ್ನು ಇನ್ನೂ ಯಾರೂ ಬೇರೆಯಾಗಿ ಬರೆದು ಅವನ ಕೈಗೆ ಕೊಟ್ಟಿಲ್ಲ. ಮಿತ್ರ ಅವರು ಗದ್ದೆಗಿಳಿದು ರೈತನ ಮೇಲಿನ ಆರೋಪವನ್ನು ತೊಡೆದಂತೆ, ನಮ್ಮ ನಗರಗಳಲ್ಲಿ ಯಾರು ಎಷ್ಟು ಸುಡುತ್ತಾರೆ, ಯಾರು ಎಷ್ಟು ಬೇಯುತ್ತಾರೆ ಎಂಬುದನ್ನು ಮನೆಮನೆಯ ಮಟ್ಟದಲ್ಲಿ ಅಳೆಯುವ ಕೆಲಸ ಬಾಕಿಯಿದೆ. ವಿದ್ಯುತ್ತಿನ ದರ, ಹಗಲಿನ ಕೆಲಸದ ವೇಳೆ, ನೆರಳಿನ ವ್ಯವಸ್ಥೆ ಇವನ್ನೆಲ್ಲ ಸರ್ಕಾರಗಳು ನಿರ್ಧರಿಸುವಾಗ ಮುಂದಿರಬೇಕಾದ ಕಡತ ಅದು.